ಹಣದ ಮೋಸ ಮತ್ತು ಮೋಸಗಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ಹಣ ಕಳೆದುಕೊಂಡವರು, ಕಳೆದುಕೊಳ್ಳುವ ಅಂಚಿನಲ್ಲಿ ಇರುವವರು, ಮನೆಯವರ ಬಗ್ಗೆ ಭಯ ಇರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ನಡುನಡುವೆ ಕುಖ್ಯಾತ ವಂಚಕರ ಕಥೆಗಳೂ ಬರುತ್ತವೆ. ಅವರ ಕೆಲಸದ ರೀತಿ ಗೊತ್ತಿದ್ದರೆ ಇವತ್ತು ಫೋನಿಗೆ ಬರುವ ಮೋಸವನ್ನು ಗುರುತು ಹಿಡಿಯುವುದು ಸುಲಭ. ನಿಮ್ಮ ಹಣ ಈಗಷ್ಟೇ ಹೋಗಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಮೊದಲು ಕೆಳಗಿರುವ ‘ಹಣ ಹೋಗಿಬಿಟ್ಟಿದೆ’ ಎಂಬ ಪ್ರಶ್ನೆಗೆ ಹೋಗಿ.

ಓದಿದವರು, ಬುದ್ಧಿವಂತರು ಹೇಗೆ ಮೋಸ ಹೋಗುತ್ತಾರೆ?

ಎಲ್ಲರೂ ಮೋಸ ಹೋಗುತ್ತಾರೆ. ಜನ ಯಾಕೆ ಸುಲಭವಾಗಿ ನಂಬಿಬಿಡುತ್ತಾರೆ ಎಂದು ಅಧ್ಯಯನ ಮಾಡಿ ಪುಸ್ತಕವನ್ನೇ ಬರೆದ ಅಮೆರಿಕದ ಮನಃಶಾಸ್ತ್ರಜ್ಞರೊಬ್ಬರು ಹೂಡಿಕೆ ವಂಚಕ ಬರ್ನಿ ಮ್ಯಾಡಾಫ್‌ನ ಜಾಲದಲ್ಲಿ ತಮ್ಮ ಉಳಿತಾಯದ ದೊಡ್ಡ ಪಾಲು ಕಳೆದುಕೊಂಡರು. 2013ರಿಂದ 2015ರ ನಡುವೆ ಲಿಥುವೇನಿಯಾದ ಒಬ್ಬ ವಂಚಕ ಗೂಗಲ್ ಮತ್ತು ಫೇಸ್‌ಬುಕ್‌ಗೆ ಸುಳ್ಳು ಬಿಲ್ ಕಳಿಸಿದ. ಎರಡೂ ಕಡೆಯಿಂದ ಸೇರಿ 12 ಕೋಟಿ ಡಾಲರ್‌ಗೂ ಜಾಸ್ತಿ ಹಣ ಅವನ ಖಾತೆಗಳಿಗೆ ಹೋಯಿತು. ಆ ಕಂಪನಿಗಳಿಗೆ ನಿಜವಾಗಿಯೂ ಸಾಮಾನು ಕೊಡುತ್ತಿದ್ದ ತೈವಾನಿನ ಕಂಪನಿಯ ಹೆಸರನ್ನೇ ಅವನು ಬಳಸಿದ್ದ. ಬಿಲ್ ಬಂತು, ಹೆಸರು ಪರಿಚಯದ್ದು, ದುಡ್ಡು ಹೋಯಿತು. ಅಷ್ಟೇ.

ವಂಚಕನಿಗೆ ಬೇಕಾಗಿರುವುದು ನೀವು ಸೋತು ಕೂತಿರುವ ಹೊತ್ತು. ನಿವೃತ್ತಿಯ ಹಣ ಆಗಷ್ಟೇ ಕೈಗೆ ಬಂದಿರುತ್ತದೆ. ಕೆಲಸ ಹೋಗಿರುತ್ತದೆ. ಮನೆಯಲ್ಲಿ ಸಾವಾಗಿರುತ್ತದೆ. ಮಾತಾಡಲು ಯಾರೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಎಂಥ ಜಾಣರಿಗೂ ಬಣ್ಣದ ಮಾತು ನಿಜ ಅನ್ನಿಸುತ್ತದೆ. ಮೋಸ ಹೋದವರನ್ನು ‘ಅಷ್ಟೂ ಗೊತ್ತಾಗಲಿಲ್ವಾ?’ ಎಂದು ದಯವಿಟ್ಟು ಕೇಳಬೇಡಿ. ಆ ಒಂದು ಮಾತಿಗೆ ಹೆದರಿಯೇ ಎಷ್ಟೋ ಜನ ಬಾಯಿ ಬಿಡುವುದಿಲ್ಲ.

ಪೊಂಜಿ ಸ್ಕೀಮ್ ಅಂದರೇನು? ಆ ಪೊಂಜಿ ಯಾರು?

ಹೊಸಬರು ಹಾಕಿದ ಹಣದಲ್ಲಿ ಹಳಬರಿಗೆ ‘ಲಾಭ’ ಕೊಡುವುದು. ವ್ಯಾಪಾರ ಏನೂ ಇರುವುದಿಲ್ಲ. ಹೊಸ ಹಣ ಬರುವುದು ನಿಂತ ದಿನ ಎಲ್ಲವೂ ಕುಸಿಯುತ್ತದೆ.

ಚಾರ್ಲ್ಸ್ ಪೊಂಜಿ ಇಟಲಿಯಲ್ಲಿ ಹುಟ್ಟಿ 1903ರಲ್ಲಿ ಅಮೆರಿಕಕ್ಕೆ ಹೋದವನು. ಅದಕ್ಕಿಂತ ಮುಖ್ಯ, ಅವನು ಹೇಳಿದ ಲೆಕ್ಕ. ಆಗ ಅಂತರರಾಷ್ಟ್ರೀಯ ಅಂಚೆ ಕೂಪನ್ ಎಂಬುದಿತ್ತು. ಬೇರೆ ದೇಶದವರಿಗೆ ಕಾಗದ ಬರೆಯುವಾಗ ಅದನ್ನೂ ಒಳಗಿಟ್ಟರೆ, ಅವರು ಅದನ್ನು ತಮ್ಮ ದೇಶದ ಅಂಚೆಚೀಟಿಗೆ ಬದಲಿಸಿಕೊಂಡು ಉತ್ತರ ಬರೆಯಬಹುದಿತ್ತು. ಮೊದಲ ಮಹಾಯುದ್ಧದ ನಂತರ ಇಟಲಿಯ ಲಿರಾ ಬೆಲೆ ಬಿದ್ದುಹೋಗಿತ್ತು. ಇಟಲಿಯಲ್ಲಿ ಅಗ್ಗಕ್ಕೆ ಕೂಪನ್ ಕೊಂಡು ಅಮೆರಿಕದಲ್ಲಿ ಜಾಸ್ತಿ ಬೆಲೆಯ ಅಂಚೆಚೀಟಿ ಪಡೆಯಬಹುದು ಎಂದು ಪೊಂಜಿ ಹೇಳಿದ. ಕಾಗದದ ಮೇಲೆ ಈ ಲೆಕ್ಕ ಸರಿಯೇ! ಇದನ್ನು ಕೇಳಿದವರಿಗೆ ‘ಹೌದಲ್ವಾ’ ಅನ್ನಿಸಿದ್ದು ಸಹಜ.

1920ರಲ್ಲಿ ಅವನು ಬಾಸ್ಟನ್ ನಗರದಲ್ಲಿ ಕೊಟ್ಟ ಮಾತು: 45 ದಿನಕ್ಕೆ ಶೇಕಡಾ 50 ಲಾಭ. ಮೊದಲು ಹಾಕಿದವರಿಗೆ ಹೇಳಿದ ದಿನವೇ ಹಣ ಸಿಕ್ಕಿತು. ಅವರೇ ಊರೆಲ್ಲ ಪ್ರಚಾರ ಮಾಡಿದರು. ಕ್ಲಾರೆನ್ಸ್ ಬ್ಯಾರನ್ ಎಂಬ ಪತ್ರಕರ್ತ ಕೂತು ಲೆಕ್ಕ ಹಾಕಿದ. ಪೊಂಜಿ ತೆಗೆದುಕೊಂಡಿರುವ ಹಣಕ್ಕೆ ಸುಮಾರು 16 ಕೋಟಿ ಕೂಪನ್ ಬೇಕು, ಜಗತ್ತಿನಲ್ಲಿ ಚಲಾವಣೆಯಲ್ಲಿ ಇದ್ದದ್ದು ಸುಮಾರು 27 ಸಾವಿರ. ಈ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಜನ ಹಣ ವಾಪಸ್ ಕೇಳಲು ಕಚೇರಿ ಮುಂದೆ ಸಾಲು ನಿಂತರು. ಪೊಂಜಿ ಹೊರಗೆ ಬಂದು ಅವರಿಗೆ ಕಾಫಿ, ತಿಂಡಿ ಹಂಚಿದ. ಕೇಳಿದವರಿಗೆ ಹಣವನ್ನೂ ಕೊಟ್ಟ. ಎಷ್ಟೋ ಜನ ಇದನ್ನು ನೋಡಿ ಹಣ ತೆಗೆಯದೆ ಮನೆಗೆ ಹೋದರು. ಆಗಸ್ಟ್ ಹೊತ್ತಿಗೆ ಎಲ್ಲ ಮುಗಿಯಿತು. ಜೈಲು, ಗಡೀಪಾರು, ಕೊನೆಗೆ 1949ರಲ್ಲಿ ರಿಯೋ ಡಿ ಜನೈರೋದ ಧರ್ಮಾಸ್ಪತ್ರೆಯಲ್ಲಿ ಸಾವು.

ಹೇಳಿದ ದಿನಕ್ಕೆ ದುಡ್ಡು ಬಂತು ಅನ್ನುವುದು ಆ ಸ್ಕೀಮ್ ನಿಜ ಎನ್ನುವುದಕ್ಕೆ ಸಾಕ್ಷಿಯಲ್ಲ. ಇದೊಂದು ನೆನಪಿದ್ದರೆ ಸಾಕು. ಮೊದಲ ಕಂತು ಎಲ್ಲ ಪೊಂಜಿ ಸ್ಕೀಮಿನಲ್ಲೂ ಸರಿಯಾಗಿಯೇ ಬರುತ್ತದೆ.

ಇದನ್ನು ಶುರು ಮಾಡಿದ್ದು ಅವನೇನಾ?

ಅಲ್ಲ. 1869ರಿಂದ 1872ರವರೆಗೆ ಮ್ಯೂನಿಕ್‌ನಲ್ಲಿ ಅಡೆಲೆ ಸ್ಪಿಟ್ಸೆಡರ್ ಎಂಬ ಮಾಜಿ ನಟಿ ತಿಂಗಳಿಗೆ ಶೇಕಡಾ 10 ಬಡ್ಡಿ ಕೊಡುತ್ತೇನೆಂದು ಸಾವಿರಾರು ಬಡವರಿಂದ ಠೇವಣಿ ತೆಗೆದುಕೊಂಡಳು. 1879ರಲ್ಲಿ ಬಾಸ್ಟನ್ನಿನಲ್ಲೇ ಸಾರಾ ಹೌ ಒಂಟಿ ಹೆಂಗಸರಿಗಾಗಿಯೇ ಬ್ಯಾಂಕ್ ತೆರೆದು ತಿಂಗಳಿಗೆ ಶೇಕಡಾ 8 ಅಂದಳು. ‘ಇದು ನಮ್ಮವರಿಗೆ ಮಾತ್ರ’ ಎಂಬ ಮಾತು ಆಗಲೂ ಕೆಲಸ ಮಾಡಿತ್ತು. ಈಗಲೂ ಜಾತಿ, ಭಾಷೆ, ದೇವರು, ಒಂದೇ ಆಫೀಸು, ಹೀಗೆ ಯಾವುದಾದರೂ ‘ನಮ್ಮವರು’ ಎಂಬ ದಾರಿಯಲ್ಲೇ ಮೋಸ ಒಳಗೆ ಬರುತ್ತದೆ.

ಚೈನ್ ಲಿಂಕ್ ಸ್ಕೀಮ್ ಬೇರೆಯೇ?

ಬೇರೆ. ಪೊಂಜಿಯಲ್ಲಿ ನೀವು ಸುಮ್ನೆ ದುಡ್ಡು ಹಾಕಿ ಕೂತರೆ ಸಾಕು. ಚೈನ್‌ನಲ್ಲಿ ಜನರನ್ನು ಸೇರಿಸಬೇಕು. ಒಬ್ಬರು 6 ಜನರನ್ನು, ಆ 6 ಜನ ತಲಾ 6 ಜನರನ್ನು ಸೇರಿಸುತ್ತಾ ಹೋದರೆ 13ನೇ ಹಂತಕ್ಕೆ 1,306 ಕೋಟಿ ಜನ ಬೇಕು. ಭೂಮಿಯ ಮೇಲೆ ಇರುವುದೇ 800 ಕೋಟಿ ಚಿಲ್ಲರೆ. ಹಾಗಾಗಿ ಕೊನೆಗೆ ಸೇರಿದವರೆಲ್ಲ ಕಳೆದುಕೊಳ್ಳಲೇಬೇಕು. ಕೊನೆಗೆ ಸೇರುವವರು ಸಾಮಾನ್ಯವಾಗಿ ನಿಮ್ಮ ತಂಗಿ, ನಿಮ್ಮ ಸ್ನೇಹಿತ, ನಿಮ್ಮ ಮಾತು ನಂಬಿದ ಪಕ್ಕದ ಮನೆಯವರು. ದುಡ್ಡಿನ ಜೊತೆ ಸಂಬಂಧವೂ ಹೋಗುತ್ತದೆ.

ಪೊಂಜಿಯಾಗಲಿ ಚೈನ್ ಆಗಲಿ, ಇಂಥ ಸ್ಕೀಮು ದೇಶವನ್ನೇ ಮುಳುಗಿಸಬಲ್ಲದು. 1990ರ ದಶಕದಲ್ಲಿ ಅಲ್ಬೇನಿಯಾದ ಜನ ಮನೆ, ದನ ಮಾರಿ ಇಂಥ ಸ್ಕೀಮುಗಳಿಗೆ ಹಾಕಿದರು. ಅವು ಜನರಿಗೆ ಕೊಡಬೇಕಾಗಿದ್ದ ಹಣ ದೇಶದ ಒಟ್ಟು ಉತ್ಪನ್ನದ ಅರ್ಧದಷ್ಟಾಗಿತ್ತು. 1997ರಲ್ಲಿ ಎಲ್ಲ ಕುಸಿದಾಗ ದಂಗೆ ಎದ್ದಿತು, ಸರ್ಕಾರ ಬಿತ್ತು, ಸುಮಾರು 2,000 ಜನ ಸತ್ತರು.

ಮ್ಯಾಡಾಫ್ ಅಷ್ಟು ವರ್ಷ ಹೇಗೆ ಸಿಕ್ಕಿಬೀಳಲಿಲ್ಲ?

ಅವನದ್ದೂ ಪೊಂಜಿ ಸ್ಕೀಮೇ, ಆದರೆ ಅವನು ಆಸೆ ಹುಟ್ಟಿಸುವ ಲಾಭ ಹೇಳಲೇ ಇಲ್ಲ. ವರ್ಷಕ್ಕೆ ಶೇಕಡಾ 10ರ ಆಸುಪಾಸು, ಅಷ್ಟೇ. ಆದರೆ ಮಾರುಕಟ್ಟೆ ಏರಲಿ ಬೀಳಲಿ, ಪ್ರತಿ ವರ್ಷವೂ ಅಷ್ಟೇ ಬರುತ್ತಿತ್ತು. ದುರಾಸೆ ಇರುವವರು ಮಾತ್ರ ಮೋಸ ಹೋಗುತ್ತಾರೆ ಎಂದು ಹೇಳುವವರು ಇದನ್ನು ಗಮನಿಸಬೇಕು. ಅವನ ಹತ್ತಿರ ಹಣ ಇಟ್ಟವರಲ್ಲಿ ಧರ್ಮಸಂಸ್ಥೆಗಳಿದ್ದವು, ನಿವೃತ್ತರಿದ್ದರು. ಅವರೆಲ್ಲ ಹುಡುಕುತ್ತಿದ್ದದ್ದು ಭದ್ರತೆಯನ್ನು.

ಮೇಲಾಗಿ ಅವನು ನಾಸ್ಡಾಕ್ ಷೇರುಪೇಟೆಯ ಅಧ್ಯಕ್ಷನಾಗಿದ್ದವನು. ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿರಲಿಲ್ಲ, ಕೆಲವರನ್ನು ಬೇಡ ಅಂದು ವಾಪಸ್ ಕಳಿಸುತ್ತಿದ್ದ. ಬಾಗಿಲು ಮುಚ್ಚಿದಷ್ಟೂ ಒಳಗೆ ಹೋಗಬೇಕು ಅನ್ನಿಸುತ್ತದೆ, ಅಲ್ವಾ? ಅಷ್ಟು ದೊಡ್ಡ ವ್ಯವಹಾರದ ಲೆಕ್ಕ ತಪಾಸಣೆ ಮಾಡುತ್ತಿದ್ದದ್ದು ಮೂರೇ ಜನರ ಒಂದು ಸಣ್ಣ ಕಚೇರಿ.

ಹ್ಯಾರಿ ಮಾರ್ಕೊಪೊಲೊಸ್ ಎಂಬ ಹಣಕಾಸು ವಿಶ್ಲೇಷಕ 2000ದಿಂದಲೇ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆಗೆ ದೂರು ಕೊಡುತ್ತಾ ಬಂದ. 2005ರಲ್ಲಿ ವಿವರವಾಗಿ ಬರೆದೂ ಕೊಟ್ಟ. ಮ್ಯಾಡಾಫ್ ಹೇಳುವಷ್ಟು ವಹಿವಾಟು ಮಾಡಲು ಮಾರುಕಟ್ಟೆಯಲ್ಲಿ ಅಷ್ಟು ಆಪ್ಷನ್‌ಗಳೇ (ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು ಕೊಡುವ ಒಪ್ಪಂದಗಳೇ) ಇಲ್ಲ ಎಂಬುದು ಅವನ ವಾದಗಳಲ್ಲಿ ಒಂದು. ಬ್ಯಾರನ್ ಕೂಪನ್ ಎಣಿಸಿದ ಹಾಗೇ ಇವನೂ ಎಣಿಸಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ಜನ ಹಣ ವಾಪಸ್ ಕೇಳಿದಾಗಲೇ ಬಂಡವಾಳ ಬಯಲಾದದ್ದು. ಖಾತೆಗಳ ಕಾಗದದಲ್ಲಿ ಸುಮಾರು 6,500 ಕೋಟಿ ಡಾಲರ್ ಇತ್ತು. ಅದರಲ್ಲಿ ಬಹುಪಾಲು ಬರೀ ಅಂಕಿ. 150 ವರ್ಷಗಳ ಶಿಕ್ಷೆಯಾಯಿತು. 2021ರಲ್ಲಿ ಜೈಲಿನಲ್ಲೇ ಸತ್ತ.

ಐಫೆಲ್ ಟವರನ್ನೇ ಒಬ್ಬ ಮಾರಿದನಂತೆ, ಹೌದಾ?

ವಿಕ್ಟರ್ ಲಸ್ಟಿಗ್. 1925ರಲ್ಲಿ ಅವನು ಪ್ಯಾರಿಸ್‌ಗೆ ಬಂದಾಗ ಟವರಿನ ನಿರ್ವಹಣೆ ಖರ್ಚಿನ ಬಗ್ಗೆ ಮಾತು ನಡೆಯುತ್ತಿತ್ತು. ಸರ್ಕಾರಿ ಅಧಿಕಾರಿಯ ಹೆಸರಿನಲ್ಲಿ ಕಾಗದ ಅಚ್ಚು ಹಾಕಿಸಿ, ದೊಡ್ಡ ಹೋಟೆಲಿಗೆ ಗುಜರಿ ಕಬ್ಬಿಣದ ವ್ಯಾಪಾರಿಗಳನ್ನು ಕರೆಸಿದ. ಟವರ್ ಕೆಡವಿ ಕಬ್ಬಿಣ ಮಾರುತ್ತೇವೆ, ಜನರಿಗೆ ಗೊತ್ತಾದರೆ ಗಲಾಟೆ ಆಗುತ್ತದೆ, ಗುಟ್ಟಾಗಿರಲಿ ಅಂದ. ಬಂದವರಲ್ಲಿ ದೊಡ್ಡವರ ಸಾಲಿಗೆ ಸೇರಬೇಕೆಂಬ ತವಕ ಇದ್ದ ಒಬ್ಬನನ್ನು ಆರಿಸಿಕೊಂಡ.

ಆ ವ್ಯಾಪಾರಿಗೆ ಅನುಮಾನ ಬಂತು. ಆಗ ಲಸ್ಟಿಗ್ ಮಾಡಿದ್ದು ನೋಡಿ. ತನ್ನ ಸಂಬಳ ಸಾಲುವುದಿಲ್ಲ ಎಂದು ಗೋಳು ಹೇಳಿಕೊಂಡು ಲಂಚದ ಸೂಚನೆ ಕೊಟ್ಟ. ವ್ಯಾಪಾರಿಯ ಅನುಮಾನ ಅಲ್ಲಿಗೇ ಹೋಯಿತು. ಲಂಚ ಕೇಳುತ್ತಾನೆ ಅಂದರೆ ನಿಜವಾದ ಅಧಿಕಾರಿಯೇ ಇರಬೇಕು ಅಂದುಕೊಂಡ! ಟವರಿನ ಹಣವನ್ನೂ ಕೊಟ್ಟ, ಲಂಚವನ್ನೂ ಕೊಟ್ಟ. ಮೋಸ ಗೊತ್ತಾದ ಮೇಲೆ ನಾಚಿಕೆಯಿಂದ ಪೊಲೀಸರ ಹತ್ತಿರ ಹೋಗಲಿಲ್ಲ. ಲಸ್ಟಿಗ್ ಮತ್ತೆ ಬಂದು ಅದೇ ಟವರನ್ನು ಇನ್ನೊಬ್ಬರಿಗೆ ಮಾರಲು ಹೊರಟಿದ್ದು ಆ ಮೌನದ ಧೈರ್ಯದಲ್ಲೇ. ಎರಡನೆಯ ಸಲ ದೂರು ಹೋಯಿತು, ಅವನು ಪರಾರಿಯಾದ. ಖೋಟಾನೋಟಿನ ಕೇಸಿನಲ್ಲಿ 1935ರಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದು ಅಲ್ಕಟ್ರಾಜ್ ಜೈಲು ಸೇರಿದ.

ಅದಕ್ಕಿಂತ ದೊಡ್ಡ ಸುಳ್ಳು ಹೇಳಿದವರಿದ್ದಾರಾ?

ಗ್ರೆಗರ್ ಮ್ಯಾಕ್‌ಗ್ರೆಗರ್. ಸ್ಕಾಟ್ಲೆಂಡಿನ ಈ ಸೈನಿಕ ಇಲ್ಲದ ದೇಶವನ್ನೇ ಹುಟ್ಟಿಸಿದ. ಅದರ ಹೆಸರು ಪೊಯಾಯಿಸ್, ಇರುವುದು ಮಧ್ಯ ಅಮೆರಿಕದ ಕರಾವಳಿಯಲ್ಲಿ, ತಾನೇ ಅದರ ದೊರೆ ಅಂದ. ನೋಟು ಅಚ್ಚು ಹಾಕಿಸಿದ, ದೇಶದ ಪರಿಚಯ ಪುಸ್ತಕ ಹೊರಬಂತು, 1822ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ಆ ‘ದೇಶ’ದ ಹೆಸರಿನಲ್ಲಿ 2 ಲಕ್ಷ ಪೌಂಡ್ ಸಾಲಪತ್ರ ಹೊರಡಿಸಿದ. ಸುಮಾರು 250 ಜನ ಎರಡು ಹಡಗಿನಲ್ಲಿ ಹೊರಟರು. ರಾಜಮನೆತನಕ್ಕೆ ಬೂಟು ಹೊಲಿಯುವ ಹುದ್ದೆ ಸಿಗುತ್ತದೆ ಎಂದು ನಂಬಿ ಹೊರಟವನೂ ಅವರಲ್ಲಿದ್ದ. ಅಲ್ಲಿದ್ದದ್ದು ಬರೀ ಕಾಡು. ಜ್ವರ ಬಂದು ಅರ್ಧಕ್ಕಿಂತ ಜಾಸ್ತಿ ಜನ ಸತ್ತರು.

ನನಗೆ ಇದರಲ್ಲಿ ತುಂಬ ನೋವು ಕೊಡುವ ವಿಷಯ ಬೇರೆ. ಬದುಕಿ ವಾಪಸ್ ಬಂದವರಲ್ಲಿ ಕೆಲವರು ಮ್ಯಾಕ್‌ಗ್ರೆಗರ್‌ನದ್ದು ಏನೂ ತಪ್ಪಿಲ್ಲ, ಜೊತೆಗಿದ್ದವರು ಕೆಡಿಸಿದರು ಎಂದು ಸಹಿ ಹಾಕಿಕೊಟ್ಟರು. ಮಕ್ಕಳನ್ನು, ಉಳಿತಾಯವನ್ನು ಕಳೆದುಕೊಂಡ ಮೇಲೆ, ಅದಕ್ಕೆ ಕಾರಣವಾದ ಮಾತೇ ಸುಳ್ಳು ಎಂದು ಒಪ್ಪಿಕೊಳ್ಳುವುದು ಅಷ್ಟು ಕಷ್ಟ.

ಪೈಲಟ್ ವೇಷದ ಫ್ರಾಂಕ್ ಅಬಾಗ್ನೇಲ್ ಕಥೆ?

ಅಬಾಗ್ನೇಲ್ ಅಮೆರಿಕದ ವಂಚಕ. ಅವನು ಸುಳ್ಳು ಚೆಕ್ ಬರೆದು ಜೈಲಿಗೆ ಹೋದದ್ದು ನಿಜ. ಆದರೆ ತಾನು ಪೈಲಟ್, ಡಾಕ್ಟರ್, ವಕೀಲನಾಗಿ ಸುತ್ತಾಡಿದೆ ಎಂದು ಹೇಳಿಕೊಂಡ ವರ್ಷಗಳಲ್ಲಿ ಹೆಚ್ಚಿನ ಭಾಗ ಅವನು ಜೈಲಿನಲ್ಲೇ ಇದ್ದ ಎಂದು ದಾಖಲೆಗಳು ಹೇಳುತ್ತವೆ. ವಂಚಕರು ತಮ್ಮ ಬಗ್ಗೆ ತಾವೇ ಹೇಳುವ ಕಥೆಯನ್ನು ಮೆಚ್ಚಿಕೊಳ್ಳುವ ಮುಂಚೆ ಹುಷಾರಾಗಿರಬೇಕು.

ಆನ್‌ಲೈನ್‌ನಲ್ಲಿ ಪರಿಚಯವಾದವರು ಹೂಡಿಕೆ ಕಲಿಸುತ್ತೇನೆ ಅನ್ನುತ್ತಿದ್ದಾರೆ. ನಂಬಬಹುದಾ?

ಬೇಡ. ಈಗ ಜನರ ಜೀವಮಾನದ ಉಳಿತಾಯ ನುಂಗುತ್ತಿರುವುದು ಇದೇ ಮೋಸ.

‘ಸಾರಿ, ರಾಂಗ್ ನಂಬರ್’ ಎಂಬ ಮೆಸೇಜಿನಿಂದ ಶುರು. ಆಮೇಲೆ ವಾರಗಟ್ಟಲೆ ಮಾತು. ಊಟ ಆಯ್ತಾ, ನಿದ್ದೆ ಬಂತಾ ಎಂಬ ಕಾಳಜಿ. ದುಡ್ಡಿನ ಮಾತೇ ಇಲ್ಲ. ಒಂದು ದಿನ ತಾನು ಕ್ರಿಪ್ಟೋದಲ್ಲಿ (ಕಂಪ್ಯೂಟರ್ ಜಾಲದಲ್ಲೇ ಇರುವ ಡಿಜಿಟಲ್ ಹಣದಲ್ಲಿ) ಮಾಡಿದ ಲಾಭದ ಸ್ಕ್ರೀನ್‌ಶಾಟ್ ಬರುತ್ತದೆ. ನಿಮಗೂ ಒಂದು ಆ್ಯಪ್‌ನ ಲಿಂಕ್. ಸಣ್ಣ ಮೊತ್ತ ಹಾಕುತ್ತೀರಿ, ಅದು ಬೆಳೆಯುತ್ತದೆ. ವಾಪಸ್ ತೆಗೆಯುತ್ತೀರಿ, ನಿಜವಾಗಿಯೂ ನಿಮ್ಮ ಖಾತೆಗೆ ಬರುತ್ತದೆ. ಪೊಂಜಿಯ ಮೊದಲ ಕಂತು ನೆನಪಿದೆಯಾ? ಇದೂ ಅದೇ. ಆಮೇಲೆ ಸಾಲ ಮಾಡಿ ದೊಡ್ಡ ಮೊತ್ತ ಹಾಕುತ್ತೀರಿ. ಆ್ಯಪ್‌ನಲ್ಲಿ ಅದು ಮೂರು ಪಟ್ಟು ಕಾಣುತ್ತದೆ. ತೆಗೆಯಲು ಹೋದರೆ ‘ಮೊದಲು ತೆರಿಗೆ ಕಟ್ಟಿ’. ಅದನ್ನು ಕಟ್ಟಿದರೆ ‘ಭದ್ರತಾ ಠೇವಣಿ ಕಟ್ಟಿ’. ನಿಮ್ಮದೇ ಹಣ ತೆಗೆಯಲು ಹೊರಗಿನಿಂದ ಹಣ ತಂದು ಕಟ್ಟಬೇಕು ಅಂದರೆ ಒಳಗೆ ಹಣವೇ ಇಲ್ಲ ಎಂದು ತಿಳಿಯಿರಿ.

ಅಮೆರಿಕದ ಕಾನ್ಸಾಸ್‌ನಲ್ಲಿ ಹಾರ್ಟ್‌ಲ್ಯಾಂಡ್ ಟ್ರೈ-ಸ್ಟೇಟ್ ಬ್ಯಾಂಕಿನ ಮುಖ್ಯಸ್ಥನೇ ಇದಕ್ಕೆ ಸಿಕ್ಕಿಕೊಂಡ. 2023ರಲ್ಲಿ ಬ್ಯಾಂಕಿನ ಸುಮಾರು 4.7 ಕೋಟಿ ಡಾಲರ್ ತೆಗೆದು ಕಳಿಸಿದ. ಬ್ಯಾಂಕ್ ಮುಳುಗಿತು, ಅವನಿಗೆ 24 ವರ್ಷ ಜೈಲಾಯಿತು. ಜೀವನವಿಡೀ ಹಣದ ಲೆಕ್ಕ ನೋಡಿದವನಿಗೂ ಪರದೆಯ ಮೇಲಿನ ಅಂಕಿ ನಿಜ ಅನ್ನಿಸಿತ್ತು.

ಆ ಕಡೆ ಮೆಸೇಜ್ ಮಾಡುವವರ ಸ್ಥಿತಿಯೂ ಹಲವು ಸಲ ಘೋರ. ವಿದೇಶದಲ್ಲಿ ಕೆಲಸ ಕೊಡಿಸುತ್ತೇವೆ ಎಂದು ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಹೊಡೆದು ಈ ಕೆಲಸ ಮಾಡಿಸುತ್ತಾರೆ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಹಾಕಿಕೊಂಡಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಹೇಳಿತು.

ಕ್ರಿಪ್ಟೋ ಎಲ್ಲವೂ ಮೋಸವೇ?

ಅಲ್ಲ, ಆದರೆ ಅರ್ಥವಾಗದ ಹೊಸ ವಿಷಯ ಬಂದಾಗಲೆಲ್ಲ ವಂಚಕರು ಅದರ ಹೆಸರು ಹಿಡಿಯುತ್ತಾರೆ. 2014ರಲ್ಲಿ ರುಜಾ ಇಗ್ನಾಟೋವಾ ಶುರು ಮಾಡಿದ ಒನ್‌ಕಾಯಿನ್‌ಗೆ ನಿಜವಾದ ಬ್ಲಾಕ್‌ಚೈನ್ (ಕ್ರಿಪ್ಟೋ ವಹಿವಾಟನ್ನೆಲ್ಲ ಬರೆದಿಡುವ ಹಂಚಿಕೆಯ ಲೆಕ್ಕದ ಪುಸ್ತಕ) ಇರಲೇ ಇಲ್ಲ. ಬೆಲೆಯನ್ನು ಕಂಪನಿಯವರೇ ತಮಗೆ ಬೇಕಾದಷ್ಟು ತೋರಿಸುತ್ತಿದ್ದರು. 400 ಕೋಟಿ ಡಾಲರ್‌ಗೂ ಹೆಚ್ಚು ಹಣ ಬಂತು. 2017ರ ಅಕ್ಟೋಬರಿನಲ್ಲಿ ಬಲ್ಗೇರಿಯಾದ ಸೋಫಿಯಾ ನಗರದಿಂದ ಅಥೆನ್ಸ್‌ಗೆ ವಿಮಾನ ಹತ್ತಿದವಳು ಆಮೇಲೆ ಕಣ್ಮರೆ.

‘ಪೊಲೀಸ್ ಮಾತಾಡ್ತಿರೋದು, ನಿಮ್ಮ ಮೇಲೆ ಕೇಸ್ ಇದೆ’ ಎಂದು ಫೋನ್ ಬಂದರೆ?

ಇಟ್ಟುಬಿಡಿ. ಯಾವ ದೇಶದ ಪೊಲೀಸರೂ, ನ್ಯಾಯಾಲಯವೂ ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡು ‘ತನಿಖೆಗಾಗಿ’ ನಿಮ್ಮ ಹಣವನ್ನು ಬೇರೆ ಖಾತೆಗೆ ಹಾಕಿಸಿಕೊಳ್ಳುವುದಿಲ್ಲ. ಗಾಬರಿಯಾದರೆ ನೀವೇ ಹತ್ತಿರದ ಠಾಣೆಗೆ ಹೋಗಿ ವಿಚಾರಿಸಿ. ಫೋನ್ ಮಾಡಿದವರು ಕೊಟ್ಟ ನಂಬರಿಗೆ ವಾಪಸ್ ಮಾಡಬೇಡಿ. ‘ಮನೆಯವರಿಗೆ ಹೇಳಬೇಡಿ, ಅವರೂ ಸಿಕ್ಕಿಬೀಳುತ್ತಾರೆ’ ಎಂಬ ಮಾತು ಬಂದ ಕ್ಷಣ ಅದು ಮೋಸವೇ. ಆಗಲೇ ಪಕ್ಕದಲ್ಲಿರುವವರನ್ನು ಕರೆಯಿರಿ. ಮೂರನೆಯ ಮನುಷ್ಯ ಕಿವಿಗೊಟ್ಟರೆ ಇಂಥ ನಾಟಕ ಮುಂದೆ ನಡೆಯುವುದೇ ಕಷ್ಟ.

ಮುಖ ನೋಡಿದೆ, ದನಿ ಕೇಳಿದೆ. ಅದೂ ಸುಳ್ಳಾಗಬಹುದಾ?

ಆಗಬಹುದು. 2024ರಲ್ಲಿ ಬಯಲಾದ ಪ್ರಕರಣದಲ್ಲಿ ಅರೂಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಉದ್ಯೋಗಿಗೆ ಗುಟ್ಟಾಗಿ ಹಣ ಕಳಿಸಿ ಎಂಬ ಮೇಲ್ ಬಂತು. ಅನುಮಾನವೂ ಬಂತು. ಆಮೇಲೆ ವಿಡಿಯೋ ಸಭೆಯಲ್ಲಿ ಮುಖ್ಯ ಹಣಕಾಸು ಅಧಿಕಾರಿ, ಸಹೋದ್ಯೋಗಿಗಳು ಎಲ್ಲ ಕಂಡರು. ಅನುಮಾನ ಹೋಯಿತು. 15 ಕಂತಿನಲ್ಲಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು. ಆ ಸಭೆಯಲ್ಲಿದ್ದ ಬೇರೆ ಎಲ್ಲರೂ ಎಐ ಸೃಷ್ಟಿ.

ಮಗನ ದನಿಯಲ್ಲಿ ‘ಆಕ್ಸಿಡೆಂಟ್ ಆಗಿದೆ, ದುಡ್ಡು ಕಳಿಸಿ’ ಎಂಬ ಕರೆ ಬಂದರೆ ಫೋನ್ ಇಟ್ಟು, ನಿಮ್ಮಲ್ಲಿರುವ ಅವನ ನಂಬರಿಗೆ ನೀವೇ ಮಾಡಿ. ಮನೆಮಂದಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳುವುದೂ ಒಳ್ಳೆಯದು.

ಒಟಿಪಿ ಯಾರಿಗಾದರೂ ಹೇಳಬಹುದಾ?

ಯಾರಿಗೂ ಇಲ್ಲ. ಬ್ಯಾಂಕಿನವರಿಗೂ ಇಲ್ಲ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿಕೊಳ್ಳಿ ಅಂದರೆ ಅದಕ್ಕೂ ಇಲ್ಲ.

ಲಾಟರಿ ಬಂದಿದೆ, ಫೀಸ್ ಕಟ್ಟಿ ಅನ್ನುತ್ತಾರೆ.

ಟಿಕೆಟ್ಟೇ ಕೊಳ್ಳದ ಲಾಟರಿ ಬರುವುದಿಲ್ಲ. ಕೆಲಸ ಕೊಡಲು, ಸಾಲ ಕೊಡಲು, ಪಾರ್ಸೆಲ್ ಬಿಡಿಸಲು ಮುಂಚೆಯೇ ದುಡ್ಡು ಕೇಳುವುದೂ ಇದೇ ಜಾತಿಯದ್ದು.

ಹಣ ಹೋಗಿಬಿಟ್ಟಿದೆ. ಈಗ ಏನು ಮಾಡಲಿ?

ಮೊದಲು ಬ್ಯಾಂಕಿಗೆ ಫೋನ್ ಮಾಡಿ. ಈಗಲೇ. ಕಾರ್ಡಿನ ಹಿಂದೆ ಅಥವಾ ಪಾಸ್‌ಬುಕ್ಕಿನಲ್ಲಿರುವ ನಂಬರ್ ನೋಡಿ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಅಲ್ಲೂ ವಂಚಕರ ನಂಬರ್ ಸಿಗಬಹುದು. ‘ಈ ವಹಿವಾಟು ಮೋಸ, ಹಣ ತಡೆಯಿರಿ’ ಎಂದು ಹೇಳಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಹಾಗಾಗಿ ನಿಮಿಷ ನಿಮಿಷವೂ ಮುಖ್ಯ. ಆಮೇಲೆ ಪೊಲೀಸ್ ದೂರು. ಪಾಸ್‌ವರ್ಡ್ ಬದಲಿಸಿ. ಕೋಪಕ್ಕೋ ನಾಚಿಕೆಗೋ ಚಾಟ್ ಅಳಿಸಬೇಡಿ. ನಂಬರ್, ಖಾತೆ ಸಂಖ್ಯೆ, ಸ್ಕ್ರೀನ್‌ಶಾಟ್ ಎಲ್ಲ ಬೇಕಾಗುತ್ತದೆ.

ಕಳೆದ ಹಣ ವಾಪಸ್ ಕೊಡಿಸುತ್ತೇವೆ ಎಂದು ಒಬ್ಬರು ಕರೆ ಮಾಡಿದ್ದಾರೆ.

ಅದು ಎರಡನೆಯ ಮೋಸ. ಮೋಸ ಹೋದವರ ಪಟ್ಟಿಯನ್ನು ವಂಚಕರು ತಮ್ಮತಮ್ಮಲ್ಲೇ ಮಾರಿಕೊಳ್ಳುತ್ತಾರೆ. ಮುಂಗಡ ಕೇಳಿದರೆ ಮಾತೇ ಬೇಡ.

ದೂರು ಕೊಟ್ಟು ಏನು ಪ್ರಯೋಜನ? ಮರ್ಯಾದೆ ಹೋಗುತ್ತದೆ ಅಷ್ಟೇ.

ಕ್ಯಾಸಿ ಚಾಡ್ವಿಕ್ ಎಂಬವಳು ತಾನು ಉಕ್ಕಿನ ಶ್ರೀಮಂತ ಆಂಡ್ರೂ ಕಾರ್ನೆಗಿಯ ಗುಟ್ಟಿನ ಮಗಳು ಎಂದು ಹೇಳಿಕೊಂಡು, ಅವನ ಖೋಟಾ ಸಹಿಯ ಪತ್ರ ತೋರಿಸಿ ಅಮೆರಿಕದ ಬ್ಯಾಂಕುಗಳಿಂದ ಸಾಲದ ಮೇಲೆ ಸಾಲ ಪಡೆದಳು. ಕಾರ್ನೆಗಿಯನ್ನು ಕೇಳುವುದು ಮುಜುಗರದ ವಿಷಯ, ಯಾರೂ ಕೇಳಲಿಲ್ಲ. 1904ರಲ್ಲಿ ಸಾಲ ಕೊಟ್ಟವನೊಬ್ಬ ಕೋರ್ಟಿಗೆ ಹೋದ ಮೇಲೆ ಎಲ್ಲ ಹೊರಬಂತು. ಅದರ ಬೆನ್ನಲ್ಲೇ ಓಬರ್ಲಿನ್ ಊರಿನ ಒಂದು ಬ್ಯಾಂಕ್ ಮುಳುಗಿ, ಏನೂ ಅರಿಯದ ಠೇವಣಿದಾರರ ಹಣ ಸಿಕ್ಕಿಕೊಂಡಿತು.

ದೂರು ಕೊಟ್ಟರೆ ಎಲ್ಲರಿಗೂ ಹಣ ಸಿಗುತ್ತದೆ ಎಂದು ಸುಳ್ಳು ಭರವಸೆ ಕೊಡಲಾರೆ. ಆದರೆ ಮ್ಯಾಡಾಫ್ ಪ್ರಕರಣದಲ್ಲಿ ನ್ಯಾಯಾಲಯ ನೇಮಿಸಿದ ಟ್ರಸ್ಟಿ 1,400 ಕೋಟಿ ಡಾಲರ್‌ಗೂ ಹೆಚ್ಚು ಹಣ ವಸೂಲಿ ಮಾಡಿದರು. ಅದು ಹಂಚಿಕೆಯಾದದ್ದು ದಾಖಲೆ ಇಟ್ಟುಕೊಂಡು, ಅರ್ಜಿ ಹಾಕಿದವರಿಗೆ.

ಅಪ್ಪ ಒಂದು ಸ್ಕೀಮಿಗೆ ಹಣ ಹಾಕುತ್ತಲೇ ಇದ್ದಾರೆ. ಹೇಳಿದರೆ ನನ್ನ ಮೇಲೇ ಸಿಟ್ಟಾಗುತ್ತಾರೆ.

‘ನೀವು ಮೋಸ ಹೋಗಿದ್ದೀರಿ’ ಎಂದು ಶುರು ಮಾಡಬೇಡಿ. ಆ ಮಾತಿಗೆ ಅವರು ಆ ಕಡೆಯವನ ಪರವೇ ವಾದ ಮಾಡುತ್ತಾರೆ. ‘ನನಗೂ ತೋರಿಸಿ, ಹೇಗೆ ನಡೆಯುತ್ತದೆ’ ಎಂದು ಜೊತೆಗೆ ಕೂರಿ. ಆ್ಯಪ್ ತೆರೆಸಿ. ಲಾಭ ಎಲ್ಲಿಂದ ಬರುತ್ತದೆ, ಕಂಪನಿ ಯಾವ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿಯಾಗಿದೆ ಎಂದು ಕೇಳಿ, ಆ ಸಂಸ್ಥೆಯ ಅಧಿಕೃತ ವೆಬ್‌ಸೈಟಿನಲ್ಲಿ ಅವರ ಕೈಯಲ್ಲೇ ಹುಡುಕಿಸಿ. ಆಮೇಲೆ ಹಾಕಿದ ಅಷ್ಟೂ ಹಣವನ್ನು ಇವತ್ತೇ ವಾಪಸ್ ಕೇಳಿ ನೋಡೋಣ ಅನ್ನಿ. ಸಣ್ಣ ಮೊತ್ತ ಕೇಳಿದರೆ ಕೊಟ್ಟುಬಿಡುತ್ತಾರೆ, ಪೂರ್ತಿ ಕೇಳಬೇಕು. ಬರುವ ಉತ್ತರವನ್ನು ಅವರೇ ಓದಲಿ. ಓದಿ ಸುಮ್ಮನಾದರೆ ಆಗ ಬೈಯಬೇಡಿ. ಬ್ಯಾಂಕಿಗೆ ಜೊತೆಯಲ್ಲಿ ಹೋಗಿ.